ಬಿಡುಗಡೆಯ ಬೆಲೆ ತೆತ್ತವರು

ವಸಾಹತು ಆಳ್ವಿಕೆಗೂ ಗುಲಾಮಗಿರಿಗೂ ಪರಿಹಾರ ಸಲ್ಲಬೇಕೆಂಬ ಬೇಡಿಕೆ ಎದ್ದಾಗಲೆಲ್ಲ ಎರಡು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಇನ್ನೂರು ವರ್ಷಗಳ ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಏಕೆ ಹೊಣೆಯಾಗಬೇಕು ಎಂಬುದು ಒಂದು. ಮನುಷ್ಯನ ಸಂಕಟಕ್ಕೆ ಇಷ್ಟೆಂದು ಲೆಕ್ಕ ಹಾಕುವುದು ಹೇಗೆ ಎಂಬುದು ಇನ್ನೊಂದು. ನಮ್ಮ ವಿದ್ಯಾರ್ಥಿ ಮಿತ್ರರೂ ಇವನ್ನು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಆದರೆ ಈ ಎರಡೂ ಪ್ರಶ್ನೆಗಳನ್ನು ಫ್ರಾನ್ಸ್ ದೇಶವು 1825ರಲ್ಲಿಯೇ ಇತ್ಯರ್ಥಪಡಿಸಿತ್ತು. ಲೆಕ್ಕ ಹಾಕಬಹುದು, ಮೊಮ್ಮಕ್ಕಳಿಂದಲೂ ವಸೂಲು ಮಾಡಬಹುದು ಎಂದು ಅದು ಮಾಡಿಯೇ ತೋರಿಸಿತು. ತೆತ್ತವರು ಮಾತ್ರ ಗುಲಾಮರಾಗಿದ್ದವರು.

ಆ ಹಣ ತೆತ್ತ ದೇಶ ಹೈಟಿ. ಕೆರಿಬಿಯನ್ ದ್ವೀಪವೊಂದರ ಪಶ್ಚಿಮ ಭಾಗ. ಅಲ್ಲಿನ ಮೂಲನಿವಾಸಿಗಳಾದ ತೈನೊ ಜನರ ಮಾತಿನಲ್ಲಿ ಆ ಹೆಸರಿಗೆ ಬೆಟ್ಟಗಳ ನಾಡು ಎಂಬ ಅರ್ಥ. ಫ್ರೆಂಚರ ಕಾಲದಲ್ಲಿ ಬಯಲಿನಲ್ಲಿ ಕಬ್ಬು, ಬೆಟ್ಟದ ಇಳಿಜಾರಿನಲ್ಲಿ ಕಾಫಿ. 1780ರ ದಶಕದ ಕೊನೆಗೆ ಲೋಕದ ಕಾಫಿಯ ಸುಮಾರು ಅರ್ಧಭಾಗ ಅಲ್ಲಿಂದಲೇ ಹಡಗು ಹತ್ತುತ್ತಿತ್ತು. ದುಡಿಯುತ್ತಿದ್ದವರು ಆಫ್ರಿಕದಿಂದ ಸಾಗಿಸಿ ತಂದವರೂ ಅವರ ಮಕ್ಕಳೂ ಸೇರಿ ಸುಮಾರು 5 ಲಕ್ಷ ಗುಲಾಮರು. 1791ರಲ್ಲಿ ಅವರು ದಂಗೆಯೆದ್ದರು. ನೆಪೋಲಿಯನ್ನನು ಕಳುಹಿಸಿದ ಸೇನೆಯನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರರಾದರು.

ಇಪ್ಪತ್ತೊಂದು ವರ್ಷಗಳ ಬಳಿಕ ದೊರೆ ಹತ್ತನೆಯ ಚಾರ್ಲ್ಸನ ಆಜ್ಞಾಪತ್ರವು ಯುದ್ಧನೌಕೆಗಳ ಬೆಂಗಾವಲಿನಲ್ಲಿ ಹೈಟಿಯ ಬಂದರಿಗೆ ಬಂದಿತು. ಸ್ವಾತಂತ್ರ್ಯವನ್ನು ಮಾನ್ಯ ಮಾಡಬೇಕಾದರೆ, ಆಸ್ತಿ ಕಳೆದುಕೊಂಡ ತೋಟದ ಒಡೆಯರಿಗೆ 15 ಕೋಟಿ ಫ್ರಾಂಕುಗಳನ್ನು ಐದು ಕಂತುಗಳಲ್ಲಿ ಕೊಡತಕ್ಕದ್ದು. ಆ ಆಸ್ತಿಯ ಬೆಲೆಯಲ್ಲಿ ಗುಲಾಮರ ಬೆಲೆಯೂ ಸೇರಿತ್ತು. ಅಂದರೆ ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕಾಯಿತು. ಮೊದಲ ಕಂತಿಗೇ ಹಣವಿರಲಿಲ್ಲ. ಪ್ಯಾರಿಸಿನಲ್ಲಿ 3 ಕೋಟಿ ಸಾಲವೆತ್ತಲಾಯಿತು. ಕೈಗೆ ಬಂದದ್ದು 2 ಕೋಟಿ 40 ಲಕ್ಷ, ಮಿಕ್ಕದ್ದು ಸಾಲಿಗರ ಪಾಲು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ ಸಾಲದ ಮೇಲೆ ಸಾಲ ಬೆಳೆಯುತ್ತಲೇ ಹೋಯಿತು. ಅದರ ಬಾಲ ಕತ್ತರಿಸಿದ್ದು 1947ರಲ್ಲಿ, ನಾವು ಕೆಂಪುಕೋಟೆಯ ಮೇಲೆ ಬಾವುಟ ಹಾರಿಸಿದ ವರ್ಷದಲ್ಲಿ.

ಹಣ ಎಲ್ಲಿಂದ ಬಂದಿತು? ಕಾಫಿಯ ಮೇಲಿನ ತೆರಿಗೆಯಿಂದ. 1911ರಲ್ಲಿ ಆ ತೆರಿಗೆಯ ಪ್ರತಿ 3 ಡಾಲರುಗಳಲ್ಲಿ 2.53 ಡಾಲರು ಫ್ರೆಂಚ್ ಸಾಲಿಗರಿಗೇ ಸಂದಿತು. ಇದರ ಅರ್ಥವನ್ನು ಮಲೆನಾಡಿನ ಬೆಳೆಗಾರನಿಗೆ ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನ ಕಾಫಿಯಲ್ಲಿ ಬಂದ ಆದಾಯದ ಒಂದಂಶ ಮಣ್ಣಿಗೆ ಮರಳಲೇಬೇಕು. ನೆರಳಿನ ಮರ, ತೊಟ್ಟಿಲು ಗುಂಡಿ, ಬಸಿಗಾಲುವೆ, ಗೊಬ್ಬರ, ಮುದಿಗಿಡ ಕಿತ್ತು ಮರುನಾಟಿ, ಎಲ್ಲಕ್ಕೂ ಹಣ ಬೇಕು. ರಸ್ತೆ, ಶಾಲೆ, ಕೃಷಿ ಶಿಕ್ಷಣಗಳಿಗೂ ಬೇಕು. ನೂರು ವರ್ಷ ಈ ಹಣ ಹೊರಗೆ ಹರಿದರೆ ಮೇಲ್ಮಣ್ಣೂ ಅದರ ಹಿಂದೆಯೇ ಹರಿಯುತ್ತದೆ. ಹೈಟಿಯ ಬೋಳುಗುಡ್ಡಗಳಿಗೆಲ್ಲ ಈ ಸಾಲವೊಂದೇ ಕಾರಣವೆಂದು ನಾನು ವಾದಿಸಲಾರೆ. ತೋಟಗಳಿಗಾಗಿ ಫ್ರೆಂಚರು ಕಡಿದ ಕಾಡು, ಪರದೇಶಗಳಿಗೆ ಹೋದ ನಾಟಾ, ಬಡವರ ಒಲೆಯ ಇದ್ದಿಲು, 1957ರಿಂದ 1986ರವರೆಗೆ ಆಳಿದ ಡ್ಯುವಾಲಿಯರ್ ತಂದೆಮಕ್ಕಳ ಲೂಟಿ, ಇವೂ ಉಂಟು. ಆದರೆ ದುರಸ್ತಿಗೆ ಬೇಕಾದ ಬಂಡವಾಳವನ್ನೇ ಕಸಿದುಕೊಂಡದ್ದು ಸಾಲ.

ಸಾಲ ಹೇಗೆ ತಲೆಮಾರು ದಾಟುತ್ತದೆಂಬುದು ನಮಗೆ ಗೊತ್ತಿಲ್ಲದ್ದಲ್ಲ. ಅಪ್ಪ ತೀರಿಕೊಂಡರೂ ಪಹಣಿಯ ಋಣದ ಕಲಮು ಹಾಗೆಯೇ ಉಳಿಯುತ್ತದೆ. ಜಮೀನು ಬೇಕೆನ್ನುವ ಮಗ ಋಣವನ್ನೂ ಹೊರುತ್ತಾನೆ. ತೋಟಗಳ ಲಾಭವನ್ನೂ ಪರಿಹಾರವನ್ನೂ ಉಂಡು ಬೆಳೆದ ರಾಷ್ಟ್ರವು ಆಸ್ತಿ ನನ್ನದು, ಋಣ ಮಾತ್ರ ಸತ್ತವರದು ಎನ್ನಲು ಬರುವುದಿಲ್ಲ. ನಮ್ಮಲ್ಲಿ ಜೀತವೂ ತಂದೆಯ ಸಾಲದಿಂದ ಮಗನಿಗೆ ಇಳಿಯುತ್ತಿತ್ತು. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯು ಜೀತದಾಳಿನ ಸಾಲವನ್ನೇ ಇಲ್ಲವಾಗಿಸಿತು. ಆಚರಣೆಯಲ್ಲಿ ಅದು ಎಷ್ಟು ಕುಂಟಿತೆಂಬುದು ಬೇರೆ ಮಾತು. ಬಿಡುಗಡೆಯಾದವನು ಒಡೆಯನಿಗೆ ನಷ್ಟ ತುಂಬಿಕೊಡಲಿ ಎಂದು ಮಾತ್ರ ಅದು ಹೇಳಲಿಲ್ಲ.

ಬ್ರಿಟನ್ನಿನ ನಡತೆಯೂ ಉತ್ತಮವೇನಲ್ಲ. 1833ರ ಕಾಯಿದೆಯಂತೆ ಅದು 2 ಕೋಟಿ ಪೌಂಡುಗಳನ್ನು ಕೊಟ್ಟದ್ದು ಗುಲಾಮರ ಒಡೆಯರಿಗೆ. ಅದಕ್ಕಾಗಿ ಎತ್ತಿದ ಸಾಲದ ಕೊನೆಯ ಭಾಗ ತೀರಿದ್ದು 2015ರಲ್ಲಿ. ಗುಲಾಮರಿಗೆ ಬಿಡಿಕಾಸೂ ಸಿಗಲಿಲ್ಲ.

2003ರಲ್ಲಿ ಹೈಟಿಯ ಅಧ್ಯಕ್ಷ ಆರಿಸ್ಟೀಡ್ ಅವರು ಫ್ರಾನ್ಸಿನಿಂದ 2,168 ಕೋಟಿ 51 ಲಕ್ಷ 35 ಸಾವಿರದ 571 ಡಾಲರು 48 ಸೆಂಟುಗಳನ್ನು ಹಿಂದಕ್ಕೆ ಕೇಳಿದರು. ಸೆಂಟುಗಳವರೆಗೆ ಹೇಳಿದ್ದನ್ನು ಕಂಡು ನಕ್ಕವರುಂಟು. ಒಡೆಯರ ನಷ್ಟವನ್ನು ಲೆಕ್ಕ ಹಾಕಿದಾಗ ಯಾರೂ ನಗಲಿಲ್ಲ. ಮರುವರ್ಷ ಆರಿಸ್ಟೀಡ್ ಪದಚ್ಯುತರಾದರು, ಅನಂತರದ ಸರ್ಕಾರ ಬೇಡಿಕೆಯನ್ನು ಕೈಬಿಟ್ಟಿತು. ಆಜ್ಞೆಗೆ ಇನ್ನೂರು ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅವರು ಅನ್ಯಾಯವನ್ನು ಒಪ್ಪಿ, ಎರಡೂ ದೇಶಗಳ ಇತಿಹಾಸಕಾರರ ಆಯೋಗವನ್ನು ಘೋಷಿಸಿದರು. ಹಣದ ಮಾತನ್ನು ಮಾತ್ರ ಆಡಲಿಲ್ಲ. ತಪ್ಪೊಪ್ಪಿಗೆಯಿಲ್ಲದೆ ಸಾಮರಸ್ಯವಿಲ್ಲ, ನಿಜ. ಆದರೆ ಪಡೆದದ್ದನ್ನು ಇಟ್ಟುಕೊಂಡೇ ಕೈಕುಲುಕುವುದನ್ನು ಸಾಮರಸ್ಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ರಾಜಧಾನಿಯ ಬಹುಪಾಲು ಸಶಸ್ತ್ರ ತಂಡಗಳ ಹಿಡಿತಕ್ಕೆ ಹೋಗಿರುವಾಗ ಹಣವನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆ ಸಹಜ. ಅದು ಕೊಡುವ ಕ್ರಮದ ಪ್ರಶ್ನೆ, ಕೊಡಬೇಕೇ ಎಂಬುದರ ಉತ್ತರವಲ್ಲ. ಬೆಳೆಗಾರರ ಸಹಕಾರ ಸಂಘಗಳು, ಸಸಿಮಡಿಗಳು, ಇಳಿಜಾರಿನ ಕಲ್ಲುಕಟ್ಟೆಗಳು, ಹಳ್ಳಿಯ ಶಾಲೆಗಳು, ಇವುಗಳ ಮೂಲಕ ಕಂತುಕಂತಾಗಿಯೇ ಕೊಡಬಹುದು. ಇತಿಹಾಸಕಾರರ ಆ ಆಯೋಗದಲ್ಲಿ ಮಣ್ಣು ಬಲ್ಲವರೂ ಹೈಟಿಯ ಬೆಟ್ಟದ ರೈತರೂ ಕುಳಿತುಕೊಳ್ಳಲಿ. ಕಾಫಿ ತೆರಿಗೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ಮೊದಲು ಅವರ ಮುಂದೆ ಬಿಚ್ಚಲಿ.