ಹಳೇ ಮಿಕ್ಸಿಯ ಮೋಟರು ಬಿಚ್ಚಿದ್ದು

ಹೋದ ಭಾನುವಾರ ಹೊಳಲೂರಿನ ಮನೆಗೆ ಹೋದಾಗ ಅಮ್ಮ ಒರಳುಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದರು. "ಮಿಕ್ಸಿ ಸತ್ತುಹೋಯ್ತು ಕಣೋ. ಶಿವಮೊಗ್ಗದಲ್ಲಿ ತೋರಿಸಿದ್ರೆ ಮೋಟರ್ ಹೋಗಿದೆ, ಹೊಸದು ತಗೊಳ್ಳಿ ಅಂದ್ರು." ಅಂಗಡಿಯವನು ಅದನ್ನು ಬಿಚ್ಚಿ ಕೂಡ ನೋಡಿರಲಿಲ್ಲವಂತೆ. ಇಪ್ಪತ್ತೈದು ವರ್ಷ ನಮಗೆ ಕಾಯಿ ರುಬ್ಬಿಕೊಟ್ಟ ಮಿಕ್ಸಿ ಮಾರಾಯ್ರೇ! ನನಗೆ ಸಿಟ್ಟು ಬಂತು.

ಮೊದಲು ಬೋರಲು ಹಾಕಿ ತಳದ ಕೆಂಪು ಬಟನ್ ಒತ್ತಿದೆ. ಲೋಡ್ ಜಾಸ್ತಿಯಾದಾಗ ಕರೆಂಟು ಕಡಿಯುವ ಬಟನ್ ಅದು. ಎಷ್ಟೋ ಮಿಕ್ಸಿಗಳು ಅದೊಂದನ್ನು ಒತ್ತದೇ ಗುಜರಿ ಸೇರಿವೆ ಅಂತ ನನ್ನ ಅನುಮಾನ :-) ನಮ್ಮದು ಅಷ್ಟಕ್ಕೆ ಬಗ್ಗಲಿಲ್ಲ. ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದೆ.

ಮಿಕ್ಸಿಯ ಮೋಟರು ಸೀಲಿಂಗ್ ಫ್ಯಾನಿನ ಥರದ್ದಲ್ಲ. ಹೊಲಿಗೆ ಮಿಷನ್ನಿನ ಮೋಟರು, ಡ್ರಿಲ್ಲಿಂಗ್ ಮಿಷನ್ನು ಇದರ ದಾಯಾದಿಗಳು. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಎರಡು ಕಾರ್ಬನ್ ತುಂಡುಗಳು. ಸ್ಪ್ರಿಂಗು ಅವನ್ನು ತಾಮ್ರದ ಕಮ್ಯುಟೇಟರಿಗೆ ಒತ್ತಿ ಹಿಡಿದಿರುತ್ತದೆ. ಉಜ್ಜಿ ಉಜ್ಜಿ ಕಾರ್ಬನ್ನು ಸವೆಯಲೇಬೇಕು, ಸವೆಯಲೆಂದೇ ಇಟ್ಟ ವಸ್ತು ಅದು. ನಮ್ಮದರಲ್ಲಿ ಸಣ್ಣ ಚೂರು ಉಳಿದಿತ್ತು ಅಷ್ಟೆ, ಸ್ಪ್ರಿಂಗಿಗೆ ಎಟುಕುತ್ತಿರಲಿಲ್ಲ. ವೈಂಡಿಂಗ್ ನೋಡಿದೆ, ಸುಟ್ಟ ವಾಸನೆಯಿಲ್ಲ, ಕಪ್ಪಾಗಿಲ್ಲ.

ಹೊಸ ಕಾರ್ಬನ್ ತಂದೆ, ಒಂದು ಸಣ್ಣ ಊಟದ ದುಡ್ಡೂ ಆಗಲಿಲ್ಲ. ಕಮ್ಯುಟೇಟರನ್ನು ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಸಂದಿನ ಮಸಿಯನ್ನು ಸೂಜಿಯಿಂದ ಕೆರೆದೆ. ಅವಸರದಲ್ಲಿ ಕಾರ್ಬನ್ನಿನ ಎರಡು ವೈರು ಅದಲುಬದಲು ಮಾಡಿದ್ದೆ. ಸ್ವಿಚ್ ಹಾಕಿದ್ದೇ ಮೋಟರು ಉಲ್ಟಾ ತಿರುಗಿ, ಮೇಲಿನ ಕಪ್ಲರ್ ತಾನೇ ಬಿಚ್ಚಿಕೊಂಡಿತು! ಅದರ ಮರೆ ಇರುವುದೇ ಹಾಗೆ, ಸರಿಯಾಗಿ ತಿರುಗಿದರೆ ಬಿಗಿಯಾಗುತ್ತೆ, ಉಲ್ಟಾ ಆದರೆ ಕಳಚುತ್ತೆ. ನೀವು ಬಿಚ್ಚುವ ಮೊದಲು ವೈರಿಗೆ ಗುರುತು ಹಾಕಿಕೊಳ್ಳಿ.

ನಮ್ಮ ದೇಶದ ಮಿಕ್ಸಿ ಹುಟ್ಟಿದ್ದೇ ಒಂದು ರಿಪೇರಿಯ ರಗಳೆಯಿಂದ. ಮುಂಬೈಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಹೆಂಡತಿಯ ಜರ್ಮನ್ ಮಿಕ್ಸಿ ಕೆಟ್ಟಿತು, ಇಲ್ಲಿ ರಿಪೇರಿಗೆ ದಿಕ್ಕಿರಲಿಲ್ಲ. ನಮ್ಮ ಅಡುಗೆಮನೆಗೆ ತಡೆಯುವ ಮೋಟರು ಹಾಕಿ ತಾವೇ ಒಂದು ಮಾಡಿದರು. 1960ರ ದಶಕದ ಆ ಪ್ರಯತ್ನವೇ ಸುಮೀತ್ ಮಿಕ್ಸಿ. ಅಂಥ ದೇಶದಲ್ಲಿ ಇವತ್ತು ಸ್ಕ್ರೂಡ್ರೈವರ್ ಹಿಡಿಯದೇ ತೀರ್ಪು ಕೊಡುತ್ತಾರೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು. ಗೃಹೋಪಯೋಗಿ ವಸ್ತುಗಳೂ, ಕೃಷಿ ಯಂತ್ರಗಳೂ ಅದರ ಪಟ್ಟಿಯಲ್ಲಿದ್ದವು. ಒಳ್ಳೆಯದೇ. ಆದರೆ ಬಿಚ್ಚಲು ಬರದವನಿಗೆ ಹಕ್ಕು ಯಾಕೆ? ನಮ್ಮ ಕಡೆ ಭತ್ತದ ಗದ್ದೆ, ಅಡಿಕೆ ತೋಟದ ಪಂಪ್‌ಸೆಟ್ಟು ಲೋ ವೋಲ್ಟೇಜಿಗೆ ಸುಟ್ಟರೆ ಯಾರೂ ಎಸೆಯಲ್ಲ, ರೀವೈಂಡಿಂಗಿಗೆ ಒಯ್ಯುತ್ತಾರೆ. ಅದೇ ರೈತನ ಅಡುಗೆಮನೆಯ ಮೋಟರಿಗೆ ಮಾತ್ರ ಆ ಮರ್ಯಾದೆ ಇಲ್ಲ. ಗಂಡಸರಿಗೆ ಅದು ಮೋಟರು ಅಂತಲೇ ಅನ್ನಿಸಲ್ಲವೋ ಏನೋ.

ಎಲ್ಲ ಹಳೇದನ್ನೂ ಉಳಿಸಿ ಅನ್ನುತ್ತಿಲ್ಲ. 75 ವ್ಯಾಟಿನ ಹಳೇ ಫ್ಯಾನು ಸುಟ್ಟರೆ 30 ವ್ಯಾಟಿನ ಹೊಸದೇ ಲಾಭ. ವೈಂಡಿಂಗ್ ಸುಟ್ಟ ಮಿಕ್ಸಿಯನ್ನು ನಾನೂ ಮುಟ್ಟಲ್ಲ.

ಸಂಜೆ ಅಮ್ಮ ಅದರಲ್ಲೇ ಮಸಾಲೆ ರುಬ್ಬಿದರು. "ಸದ್ದು ಸ್ವಲ್ಪ ಜಾಸ್ತಿ ಕಣೋ" ಅಂದರು. ಅದು ಮೊದಲಿಂದಲೂ ಹಾಗೇ ಇತ್ತು, ಅಮ್ಮಾ.