ಪರೀಕ್ಷೆಗೊಂದು ದಿನಾಂಕ ಕೊಡಿ

ಮಾನ್ಯ ಮುಖ್ಯಮಂತ್ರಿಗಳೇ,

ನಾನು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಈಗ ದಿನಾ ಸಂಜೆ ನಮ್ಮ ಗ್ರಾಮ ಪಂಚಾಯ್ತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಮಕ್ಕಳ ಜತೆ ಕೂರುತ್ತೇನೆ. ಅವರಲ್ಲೊಬ್ಬಳ ಬಗ್ಗೆ ನಿಮಗೆ ಹೇಳಬೇಕಿದೆ. ಅವಳ ಹೆಸರು ಬರೆಯುವುದಿಲ್ಲ. ನಮ್ಮ ಜಿಲ್ಲೆಯ ಯಾವ ಅರಿವು ಕೇಂದ್ರಕ್ಕೆ ಹೋದರೂ ಅಂಥವಳೊಬ್ಬಳು ನಿಮಗೆ ಸಿಗುತ್ತಾಳೆ.

ಅವಳ ತಂದೆ ಪುಣೆಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದರು. ಅಲ್ಲೇ ತೀರಿಕೊಂಡರು. ಊರಲ್ಲಿ ಎರಡು ಎಕರೆ ತೊಗರಿ ಹೊಲ, ಪಹಣಿ ಅವರ ಹೆಸರಿನಲ್ಲಿ. ಖಾತೆ ತಾಯಿಯ ಹೆಸರಿಗಾಗಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಪುಣೆಯಿಂದ ಬಂದ ಪ್ರಮಾಣಪತ್ರ ಮರಾಠಿಯಲ್ಲಿತ್ತು. ಅದರಲ್ಲಿದ್ದ ಹೆಸರಿಗೂ ಪಹಣಿಯಲ್ಲಿದ್ದ ಹೆಸರಿಗೂ ಒಂದಕ್ಷರ ಕೂಡುತ್ತಿರಲಿಲ್ಲ. ಆ ಒಂದಕ್ಷರಕ್ಕಾಗಿ ಆ ತಾಯಿ ಎರಡು ವರ್ಷ ಅಲೆದಳು. ಹೋದಾಗಲೆಲ್ಲ ‘ಸಾಹೇಬ್ರು ಇಲ್ರಿ, ನಾಳಿ ಬರ್ರಿ’ ಎಂಬ ಮಾತು. ನಾಳೆ ಬರುವುದೆಂದರೆ ಇನ್ನೊಂದು ದಿನದ ಕೂಲಿ ಬಿಡುವುದು. ಮಳೆ ಕೈಕೊಟ್ಟ ವರ್ಷ ಊರಿನವರಿಗೆಲ್ಲ ಬೆಳೆ ಪರಿಹಾರ ಬಂತು. ಸತ್ತವರ ಹೆಸರಲ್ಲಿದ್ದ ಆ ಹೊಲಕ್ಕೆ ಬರಲಿಲ್ಲ.

ಕೊನೆಗೆ ಆ ಕೆಲಸ ಮಾಡಿಕೊಟ್ಟವರು ಹೊಸದಾಗಿ ವರ್ಗವಾಗಿ ಬಂದ ಒಬ್ಬ ಗ್ರಾಮ ಲೆಕ್ಕಿಗರು. ನಮ್ಮ ಕಡೆ ಹಿರಿಯರು ಈಗಲೂ ಆ ಹುದ್ದೆಯವರನ್ನು ತಲಾಟಿ ಎನ್ನುತ್ತಾರೆ, ಸರ್ಕಾರ ಈಗ ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತದೆ. ಪಕ್ಕದ ತಾಲ್ಲೂಕಿನ ಹುಡುಗ. ಮನೆಗೇ ಬಂದು ಕಟ್ಟೆಯ ಮೇಲೆ ಕೂತ, ನಾಲ್ಕು ಜನ ಹಿರಿಯರನ್ನು ಕರೆಸಿ ಹೇಳಿಕೆ ಬರೆಸಿಕೊಂಡ. ಖಾತೆ ಬದಲಾಯಿತು. ಅವನ ಮನೆಯಲ್ಲೂ ಗುಳೆ ಹೋದವರಿದ್ದರು. ಮರಾಠಿ ಕಾಗದ ಅವನಿಗೆ ಹೊಸದಾಗಿರಲಿಲ್ಲ, ಆ ತಾಯಿ ಸುಳ್ಳು ಹೇಳುತ್ತಿಲ್ಲವೆಂದು ಮುಖ ನೋಡಿಯೇ ಅವನಿಗೆ ಗೊತ್ತಾಗಿತ್ತು. ಆಗ ಪಿಯುಸಿ ಓದುತ್ತಿದ್ದ ಮಗಳು ಒಂದು ಸಂಜೆ ನನ್ನ ಹತ್ತಿರ ಬಂದು, ‘ಸರ, ನಾನೂ ಅದೇ ನೌಕರಿ ಮಾಡ್ತೀನ್ರಿ’ ಅಂದಳು. ಅವಳು ಸಂಬಳದ ಮಾತೇ ಎತ್ತಲಿಲ್ಲ.

ಹೊರಗಿನವರು ನಮಗೆ ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ಸುರಪುರದಲ್ಲಿ ಹಾಗೆ ಹೇಳಿದರೆ ತಪ್ಪಾಗುತ್ತದೆ. 1840ರ ದಶಕದಲ್ಲಿ ಇಲ್ಲಿ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬರನ್ನು ಜನ ಮಹಾದೇವ ಬಾಬಾ ಎಂದು ಕರೆದರು. ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಮ್ಮ ಗುಡ್ಡದ ಮೇಲಿದೆ. ಆದರೆ ಆ ಸಾಹೇಬರು ಇಲ್ಲಿ ವರ್ಷಗಟ್ಟಲೆ ನಿಂತರು, ಜನರ ಜತೆ ಬೆರೆತರು. ಈಗ ದೂರದಿಂದ ಬರುವ ಬಹಳಷ್ಟು ನೌಕರರು ಬಂದ ದಿನವೇ ವರ್ಗಾವಣೆಯ ದಾರಿ ಹುಡುಕುತ್ತಾರೆ. ಅವರನ್ನು ಪೂರಾ ದೂರುವಂತೆಯೂ ಇಲ್ಲ, ಅವರ ಮನೆ ಮಕ್ಕಳು ಎಲ್ಲೋ ಇರುತ್ತಾರೆ. ನಮ್ಮ ಮಕ್ಕಳಿಗೆ ಮನೆಯೇ ಇಲ್ಲಿದೆ. ಸ್ವಂತ ಊರಿಗೇ ಹಾಕಿ ಎಂದು ಅವರು ಕೇಳುತ್ತಿಲ್ಲ. ಸ್ವಂತ ಊರಲ್ಲಿ ನೆಂಟರೂ ಜಗಳಗಳೂ ಕೈ ಹಿಡಿದು ಎಳೆಯುತ್ತವೆ. ಪಕ್ಕದ ಹೋಬಳಿ ಸಾಕು.

ಇದನ್ನು ಅರಿತೇ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂತು. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿಯಿಂದಾಗಿ ಇಲ್ಲಿನ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿನವು ಶೇ 75, ಸಿ ಗುಂಪಿನವು ಶೇ 80, ಡಿ ಗುಂಪಿನವು ಶೇ 85 ನಮ್ಮವರಿಗೆ ಮೀಸಲಾದವು. ಹತ್ತಾರು ವರ್ಷ ಹೋರಾಡಿ ಪಡೆದದ್ದು. ಆದರೆ ಸ್ವಾಮಿ, ಕರೆಯದೇ ಇರುವ ಹುದ್ದೆಯಲ್ಲಿ ಶೇ 80 ಎಂದರೆ ಸೊನ್ನೆಯೇ.

ನಮ್ಮ ಮಕ್ಕಳು ಕಂಡದ್ದನ್ನು ಕೇಳಿ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅದರ ಅಕ್ರಮ ನಮ್ಮ ಪಕ್ಕದ ಕಲಬುರಗಿಯಲ್ಲೇ ಬಯಲಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕೆಎಎಸ್‌ನ 384 ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಬರೆದರು. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆದರು, ಮತ್ತೆ ಅನುವಾದದ ತಪ್ಪುಗಳು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಯೋಚಿಸುವ ಹಳ್ಳಿಯ ಹುಡುಗನಿಗೆ, ಕನ್ನಡ ನಾಡಿನ ಅಧಿಕಾರಿಯಾಗುವ ಪರೀಕ್ಷೆಯಲ್ಲಿ ಕನ್ನಡವೇ ಮುಳ್ಳಾಯಿತು. ಆ ದಿನ ಸಂಜೆ ಅರಿವು ಕೇಂದ್ರದಲ್ಲಿ ಯಾರೂ ಪುಸ್ತಕ ತೆರೆಯಲಿಲ್ಲ. ನನಗೂ ಅವರಿಗೆ ಏನು ಹೇಳಬೇಕೆಂದು ತೋಚಲಿಲ್ಲ.

ಅದೇ ವರ್ಷ 1,000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೂ ಪರೀಕ್ಷೆ ನಡೆಯಿತು. ನಾನು ಹೇಳಿದ ಹುಡುಗಿಗೆ ಸ್ವಲ್ಪದರಲ್ಲಿ ತಪ್ಪಿತು. ಮುಂದಿನ ಸಲ ಬರೆಯೋಣ ಎಂದೆ. ಆದರೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್ ಕೊನೆಗೆ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯವಾದದ್ದು, ಅದಕ್ಕಾಗಿ ಕಾದವರು ನಮಗಿಂತ ಹೆಚ್ಚು ಕಾದಿದ್ದಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಎಷ್ಟು ದಿನ ಕಾಯಬೇಕೆಂದು ಮಕ್ಕಳಿಗೆ ಯಾರೂ ಹೇಳದೇ ಇದ್ದುದು ನನ್ನ ಸಂಕಟ. ತೀರ್ಮಾನವಾಗುವ ಹೊತ್ತಿಗೆ 2025ರ ಆಗಸ್ಟ್ ಬಂದಿತ್ತು.

ಈ ಕಾಯುವಿಕೆ ಎಲ್ಲರಿಗೂ ಒಂದೇ ಅಲ್ಲ. ಮನೆಯಲ್ಲಿ ಅನುಕೂಲವಿದ್ದವರು ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಮೂರು ವರ್ಷ ಬೇಕಾದರೂ ಓದುತ್ತಾರೆ. ತಾಯಿಯ ಕೂಲಿಯಲ್ಲಿ ಓದುವವಳಿಗೆ ಒಂದು ವರ್ಷವೇ ಹೆಚ್ಚು. ಎರಡನೇ ವರ್ಷ ಮದುವೆಯ ಮಾತು ಶುರುವಾಗುತ್ತದೆ. ಗಂಡುಮಕ್ಕಳು ಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಹೊರಡುತ್ತಾರೆ, ಅಪ್ಪ ಹೋದ ದಾರಿಯಲ್ಲೇ. ಊರಿನ ಕಷ್ಟ ಬಲ್ಲವರೇ ಹೀಗೆ ಮೊದಲು ಉದುರಿ ಹೋಗುತ್ತಾರೆ. ವಯೋಮಿತಿ ಸಡಿಲಿಸಿದರೂ ಹೀಗೆ ಹೋದವರು ಮರಳುವುದಿಲ್ಲ. ನನ್ನ ಕಣ್ಣೆದುರೇ ಒಬ್ಬೊಬ್ಬರಾಗಿ ಎದ್ದು ಹೋಗಿದ್ದಾರೆ.

ಕೇಂದ್ರ ಲೋಕಸೇವಾ ಆಯೋಗ ಮುಂದಿನ ವರ್ಷದ ಪರೀಕ್ಷೆಗಳ ದಿನಾಂಕವನ್ನು ಹಿಂದಿನ ವರ್ಷವೇ ಪ್ರಕಟಿಸುತ್ತದೆ. ನಮ್ಮ ಲೋಕಸೇವಾ ಆಯೋಗವೂ ಪರೀಕ್ಷಾ ಪ್ರಾಧಿಕಾರವೂ ಹಾಗೇ ಮಾಡುವಂತೆ ನೀವು ನೋಡಿಕೊಳ್ಳಬೇಕು. ಅದಕ್ಕೆ ಮೊದಲು ಪ್ರತಿ ಇಲಾಖೆಯೂ ತನ್ನಲ್ಲಿ ಖಾಲಿಯಿರುವ ಹುದ್ದೆಗಳ ಲೆಕ್ಕವನ್ನು, ಅದರಲ್ಲೂ 371ಜೆ ಹುದ್ದೆಗಳ ಲೆಕ್ಕವನ್ನು, ವರ್ಷಕ್ಕೊಮ್ಮೆ ಗೊತ್ತುಪಡಿಸಿದ ದಿನದೊಳಗೆ ಕಳಿಸಬೇಕು. ಅದು ನಿಮ್ಮ ಒಂದು ಆದೇಶದಿಂದ ಆಗುವ ಕೆಲಸ. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸುವುದು ನಿಲ್ಲಲಿ. ಕನ್ನಡದಲ್ಲಿ ಆ ವಿಷಯ ಕಲಿಸಿದ ಅಧ್ಯಾಪಕರು ನಾಡಿನ ತುಂಬ ಇದ್ದಾರೆ, ಅವರಿಂದ ಮೊದಲು ಕನ್ನಡದಲ್ಲೇ ಬರೆಸಿ. ನಮ್ಮ ಆಯೋಗದ ಸುಧಾರಣೆಗೆ ಹೋಟಾ ಸಮಿತಿ 2013ರಲ್ಲೇ ವರದಿ ಕೊಟ್ಟಿದೆ. ಹೊಸ ಸಮಿತಿ ಬೇಡ, ಆ ವರದಿಯನ್ನೇ ತೆಗೆಸಿ ಓದಿ.

ನಮ್ಮ ಅರಿವು ಕೇಂದ್ರದ ಗೋಡೆಗೆ ದೆಹಲಿಯ ಆಯೋಗದ ವೇಳಾಪಟ್ಟಿ ಅಂಟಿಸಿದ್ದೇವೆ. ಪಕ್ಕದಲ್ಲಿ ಅಷ್ಟೇ ಜಾಗ ಖಾಲಿ ಬಿಟ್ಟಿದ್ದೇವೆ. ಬರುವ ಜನವರಿಯೊಳಗೆ ನಮ್ಮ ರಾಜ್ಯದ್ದನ್ನೂ ಕಳಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ