ಬಿಪಿ ಯಂತ್ರ ಎಪಿಎಂಸಿಗೆ ಬರಲಿ

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ದಿನ ಬಿಟ್ಟು ದಿನ ಹಠಾತ್ ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ತನ್ನ ಎದೆ ಮುಟ್ಟಿ ನೋಡಿಕೊಂಡಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಕೋವಿಡ್ ಲಸಿಕೆಯನ್ನು ದೂರಲು ಆಧಾರ ಸಿಗಲಿಲ್ಲ. ಸಿಕ್ಕಿದ್ದು ಬಿಪಿ, ಸಕ್ಕರೆ, ತಂಬಾಕು, ಕುಡಿತ, ಬೊಜ್ಜು. ಸತ್ತವರಲ್ಲಿ ಸುಮಾರು ಶೇ 30ರಷ್ಟು ಮಂದಿ ಆಟೊ, ಕ್ಯಾಬ್ ಚಾಲಕರು ಎಂಬ ಮಾತೂ ವರದಿಯಲ್ಲಿತ್ತು. ಲಸಿಕೆಯ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡವರು ಕಡಿಮೆ. ಗದಗ ಜಿಲ್ಲೆ ಕಿವಿಗೊಡಬೇಕಾದ್ದು ಆ ಮಾತಿಗೇ.

ಯಾಕೆಂದರೆ ಇದು ದುಡಿಮೆಗಾರರ ಜಿಲ್ಲೆ. ಗದಗ ಎಪಿಎಂಸಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಚೀಲ ಹೊರುವ ಹಮಾಲರು, ಬೆಟಗೇರಿಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂರುವ ನೇಕಾರರು, ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ರಾತ್ರಿ ಲೋಡ್ ಒಯ್ಯುವ ಡ್ರೈವರುಗಳು, ಶಿರಹಟ್ಟಿ, ಮುಂಡರಗಿ ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರು. ಇವರೆಲ್ಲರಲ್ಲಿ ಬೇರೂರಿರುವ ನಂಬಿಕೆಯೊಂದಿದೆ: ಮೈ ಮುರಿದು ದುಡಿಯುವವನಿಗೆ ಹಾರ್ಟ್ ಅಟ್ಯಾಕ್ ಆಗಂಗಿಲ್ಲ, ಅದು ಕುರ್ಚಿ ಮೇಲೆ ಕೂತವರ ಜಡ್ಡು. ಈ ನಂಬಿಕೆಯೇ ಇವತ್ತಿನ ದೊಡ್ಡ ಅಪಾಯ. ಕ್ವಿಂಟಲ್‌ಗಟ್ಟಲೆ ಹೊತ್ತರೂ ಔಷಧಿ ಕಾಣದ ಬಿಪಿ ಇಳಿಯುವುದಿಲ್ಲ. ಭಾರ ಎತ್ತುವ ಕ್ಷಣದಲ್ಲಿ ಅದು ಇನ್ನೂ ಮೇಲೇರುತ್ತದೆ. ಏಪ್ರಿಲ್ ಬಿಸಿಲಿಗೆ ಬೆವರು ಹರಿದು ಮೈಯ ನೀರು ಬತ್ತಿದರೆ ರಕ್ತ ಗಟ್ಟಿಯಾಗುತ್ತದೆ. ವಿದ್ಯುತ್ ಮಗ್ಗದ ಸದ್ದು, ನಿದ್ದೆಗೆಟ್ಟ ರಾತ್ರಿ ಎರಡೂ ರಕ್ತದೊತ್ತಡವನ್ನು ಮೇಲೆ ತಳ್ಳುತ್ತವೆ. ಹಸಿವೆ, ದಣಿವು ಮರೆಸಲು ಬಾಯಿಗೆ ಬೀಳುವ ತಂಬಾಕು ರಕ್ತನಾಳಗಳನ್ನು ಬಿಗಿಯುತ್ತದೆ. ಗುಟ್ಕಾಕ್ಕೆ 2013ರಲ್ಲೇ ನಿಷೇಧ ಬಂತು. ಅಂಗಡಿಯವರು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ತೂಗುಹಾಕಿದರು. ಕಲೆಸುವ ಕೆಲಸ ಮಾತ್ರ ಗಿರಾಕಿಗೆ ಬಂತು.

52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವುದು ಸುಮಾರು 53ನೇ ವಯಸ್ಸಿಗೆ, ಬೇರೆಯವರಿಗಿಂತ ಆರು ವರ್ಷ ಮುಂಚೆ. 53 ಅಂದರೆ ಮಗಳ ಮದುವೆ, ಬಾವಿಯ ಸಾಲ, ಮಗನ ಫೀಸು ಎಲ್ಲವೂ ಒಬ್ಬನ ಹೆಗಲ ಮೇಲಿರುವ ವಯಸ್ಸು.

ಊಟವೂ ಬದಲಾಗಿದೆ. ಎರೆಹೊಲದ ಜೋಳದ ರೊಟ್ಟಿಗೆ, ಗಾಣದ ಕುಸುಬಿ ಎಣ್ಣೆಗೆ ಹೆಸರಾದ ಸೀಮೆಯಲ್ಲಿ ಈಗ ರೇಷನ್ ಅಕ್ಕಿ, ಪಾಮ್ ಎಣ್ಣೆ, ಸಂಜೆಗೆ ಅದೇ ಬಾಣಲೆಯಲ್ಲಿ ಮತ್ತೆ ಮತ್ತೆ ಕಾದ ಎಣ್ಣೆಯ ಮಿರ್ಚಿ. (ಗದಗಿನ ಮಿರ್ಚಿಯ ಮೇಲೆ ಕೈ ಮಾಡುವ ಧೈರ್ಯ ಈ ಬರಹಕ್ಕಿಲ್ಲ, ಎಣ್ಣೆ ಬದಲಿಸಿ ಎಂದಷ್ಟೇ ಬೇಡಿಕೆ.) ಇನ್ನು ಕೆಲವರು ಎಲ್ಲಕ್ಕೂ ನೀರನ್ನು ದೂರುತ್ತಾರೆ. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು, ಮೂಳೆ ಹಾಳು ಮಾಡುವುದು ನಿಜ, ಅದಕ್ಕೆ ಪರಿಹಾರ ಬೇಕೇ ಬೇಕು. ಆದರೆ ಹೃದಯದ ವಿಷಯದಲ್ಲಿ ನೀರಿನ ಹೆಸರು ಹೇಳಿ ತಂಬಾಕಿನ ಚೀಟಿ ಹರಿಯುವ ಕೈಯನ್ನು ಮರೆಯುವುದು ಬೇಡ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. 30 ದಾಟಿದವರ ಬಿಪಿ, ಸಕ್ಕರೆ ಪರೀಕ್ಷೆಗೆ ಮನೆಬಾಗಿಲಿಗೇ ಬರುವ ‘ಗೃಹ ಆರೋಗ್ಯ’ ಯೋಜನೆ ಇದೆ. ತೊಡಕಿರುವುದು ಬಾಗಿಲಲ್ಲೇ. ಆಶಾ ಕಾರ್ಯಕರ್ತೆ ಹಗಲು ಹನ್ನೊಂದಕ್ಕೆ ಬಾಗಿಲು ಬಡಿದಾಗ ಹಮಾಲ ಅಡತಿ ಅಂಗಡಿಯಲ್ಲಿರುತ್ತಾನೆ, ಡ್ರೈವರ್ ರಸ್ತೆಯಲ್ಲಿ, ಕೂಲಿಗೆ ಹೋದ ಹೆಣ್ಣುಮಗಳು ಹೊಲದಲ್ಲಿ. ಪಣಜಿಯಲ್ಲಿರುವ ತಾಂಡಾದ ಗಂಡಾಳಿನ ಹೆಸರು ಯಾವ ಊರಿನ ರಿಜಿಸ್ಟರಿಗೂ ಸಲೀಸಾಗಿ ಸೇರುವುದಿಲ್ಲ. ಯಾರಿಗೆ ಪರೀಕ್ಷೆ ಹೆಚ್ಚು ಬೇಕೋ ಅವರೇ ಕೈತಪ್ಪುತ್ತಾರೆ. ಆಸ್ಪತ್ರೆಗೆ ಬಾ ಎಂದರೆ ಅರ್ಧ ದಿನದ ಪಗಾರ ಹೋಗುತ್ತದೆ. ಹಾಗಾಗಿ ಯಂತ್ರವೇ ಅವರಿದ್ದಲ್ಲಿಗೆ ಹೋಗಬೇಕು: ಲಿಲಾವಿನ ದಿನ ಎಪಿಎಂಸಿಗೆ, ಸಂಜೆ ಬೆಟಗೇರಿಯ ಮಗ್ಗದ ಓಣಿಗೆ, ಬಸ್ ಡಿಪೊಗೆ, ಆಟೊ ಸ್ಟ್ಯಾಂಡಿಗೆ, ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ತಾಂಡಾಕ್ಕೆ. ಬಿಪಿ ಗುಳಿಗೆ ಒಂದು ತಿಂಗಳಿಗೆ ಬದಲು ಮೂರು ತಿಂಗಳಿಗಾಗುವಷ್ಟು ಕೈಗೆ ಸಿಗಬೇಕು. ಇಲ್ಲದಿದ್ದರೆ ಗೋವಾದಲ್ಲಿ ಅದು ನಿಂತುಹೋಗುತ್ತದೆ.

ಎದೆ ಹಿಡಿದುಕೊಂಡ ಮೇಲಿನ ಕಥೆ ಇನ್ನೊಂದು. ‘ಗ್ಯಾಸ್ ಆಗೇತಿ, ಸೋಡಾ ಕುಡಿ’ ಎನ್ನುವುದರಲ್ಲೇ ಮೊದಲ ತಾಸು ಕಳೆಯುತ್ತದೆ. ಎದೆ ಒತ್ತಿದಂತಾಗಿ ತಣ್ಣನೆ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹಬ್ಬಿದರೆ ಸೋಡಾ ಬೇಡ, 108ಕ್ಕೆ ಫೋನ್ ಬೇಕು. ಸಕ್ಕರೆ ಕಾಯಿಲೆಯವರಿಗೆ ನೋವೇ ಕಾಣದೆ ಬರೀ ಏದುಸಿರು ಬರಬಹುದು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ಹೋದ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ, ಇಸಿಜಿಯನ್ನು ದೂರದ ತಜ್ಞರು ನೋಡಿ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡಿಸುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಹೇಳಿದೆ. ಲಕ್ಷ್ಮೇಶ್ವರ, ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ ಸುಮಾರು 60. ಈ ದಾರಿಯಲ್ಲಿ ಜೀವ ಹಿಡಿದಿಡುವುದು ತಾಲ್ಲೂಕಿನಲ್ಲೇ ಸಿಗುವ ಆ ಒಂದು ಚುಚ್ಚುಮದ್ದು. ರಾತ್ರಿ ಎರಡಕ್ಕೆ ಇಸಿಜಿ ತೆಗೆಯುವವರು ಇದ್ದಾರೆಯೇ, ಫ್ರಿಜ್ಜಿನಲ್ಲಿ ಔಷಧಿ ಇದೆಯೇ ಎಂದು ಜಿಲ್ಲೆಯ ಶಾಸಕರು ತಾಲ್ಲೂಕು ಆಸ್ಪತ್ರೆಗಳಿಗೆ ಹೇಳದೆ ಕೇಳದೆ ಹೋಗಿ ನೋಡಲಿ.

ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಜಿಲ್ಲಾ ಆರೋಗ್ಯಾಧಿಕಾರಿ ಆ ಲೆಕ್ಕವನ್ನು ಬೆಂಗಳೂರಿಗೆ ಕಳಿಸಿ ಸುಮ್ಮನಾಗಬಾರದು. 60ರೊಳಗಿನವರ ಸಾವನ್ನು ತಾಲ್ಲೂಕುವಾರು, ಸತ್ತವರ ಕಸುಬಿನ ಸಮೇತ, ಪ್ರತಿ ತಿಂಗಳು ಇಲ್ಲಿಯೇ ಪ್ರಕಟಿಸಲಿ. ಬರುವ ಉಳ್ಳಾಗಡ್ಡಿ ಹಂಗಾಮಿಗೆ ಎಪಿಎಂಸಿಯ ಮೊದಲ ಶಿಬಿರ ನಡೆಯಲಿ. ತೂಕದ ಕಾಂಟಾ ಇರುವಲ್ಲಿ ಒಂದು ಮೇಜು ಹಾಕಲು ಯಾರ ಮಂಜೂರಾತಿಗೂ ಕಾಯಬೇಕಿಲ್ಲ.